ಎಂಟು ತಿಂಗಳಲ್ಲಿ ಒಂದು ಪೀಸೂ ಫೇಲ್ ಆಗಿಲ್ಲ: ಇಸಿಜಿ ಮೆಷಿನ್ ತಯಾರಿಸುವವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಪ್ರೊಡಕ್ಷನ್ ಎಂಜಿನಿಯರ್. ನಾವು 12 ಲೀಡಿನ ಇಸಿಜಿ ಮೆಷಿನ್ ಮಾಡುತ್ತೇವೆ. ಲೋಹದ ಕೇಸ್, ಬಿಚ್ಚಿ ತೆಗೆಯಬಹುದಾದ ಮೂರು ಪಿನ್ನಿನ ಕಾರ್ಡ್, ರೋಗಿಯ ಕಡೆ ಸಿಎಫ್, ಅಂದರೆ ಲೀಕೇಜ್‌ಗೆ ಅತಿ ಕಟ್ಟುನಿಟ್ಟಿನ ದರ್ಜೆ. ವೈದ್ಯಕೀಯ ವಿದ್ಯುತ್ ಉಪಕರಣಗಳ ಸುರಕ್ಷತೆಯ ಸ್ಟ್ಯಾಂಡರ್ಡ್ ಐಇಸಿ 60601-1 ಪ್ರಕಾರ ಲ್ಯಾಬ್‌ನಲ್ಲಿ ಪೂರ್ತಿ ಪರೀಕ್ಷೆ ಮಾಡಿಸಿ ರಿಪೋರ್ಟ್ ತೆಗೆದುಕೊಂಡಿದ್ದೇವೆ. ಲೈನಿನಲ್ಲಿ ಪ್ರತಿ ಪೀಸಿಗೂ ಅರ್ಥ್ ಟೆಸ್ಟ್, 1500 ವೋಲ್ಟಿನ ಹೈಪಾಟ್ (ಜಾಸ್ತಿ ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ನೋಡುವ ಟೆಸ್ಟ್), ಲೀಕೇಜ್ (ಸೋರುವ ಕರೆಂಟ್ ಅಳೆಯುವುದು) ಮೂರೂ ಮಾಡುತ್ತೇವೆ. ಎಂಟು ತಿಂಗಳಲ್ಲಿ ಒಂದೂ ಫೇಲ್ ಆಗಿಲ್ಲ. ಹೈಪಾಟ್‌ನಲ್ಲಿ ಯಾವಾಗಲೂ 0.01 ಮಿಲಿಆಂಪ್ ತೋರಿಸುತ್ತದೆ, ಅರ್ಥ್ ಲೀಕೇಜ್ 85 ಮೈಕ್ರೊಆಂಪ್ ಆಸುಪಾಸು. ಇನ್ನು ಹತ್ತಕ್ಕೊಂದು ಪೀಸ್ ಟೆಸ್ಟ್ ಮಾಡಿದರೆ ಸಾಕು, ಹೈಪಾಟ್ ಮಾಡಿ ಮಾಡಿ ಇನ್ಸುಲೇಷನ್ ಹಾಳಾಗುತ್ತದೆ ಎಂದು ಮೇಲಿನವರು ಹೇಳುತ್ತಿದ್ದಾರೆ. ಇದರ ನಡುವೆ ಒಂದು ಆಸ್ಪತ್ರೆಯವರು ಲೀಕೇಜ್ 155 ಬಂತು, 100 ದಾಟಿದೆ ಎಂದು ಎರಡು ಮೆಷಿನ್ ವಾಪಸ್ ಕಳಿಸಿದ್ದಾರೆ. ಫಿಲ್ಟರ್‌ನಲ್ಲಿ 1 ನ್ಯಾನೊಫ್ಯಾರಡ್‌ನ ಎರಡು ವೈ ಕೆಪಾಸಿಟರ್ ಇವೆ, ಒಂದು ಫೇಸ್‌ನಿಂದ ಅರ್ಥ್‌ಗೆ, ಇನ್ನೊಂದು ನ್ಯೂಟ್ರಲ್‌ನಿಂದ ಅರ್ಥ್‌ಗೆ. ಫಿಲ್ಟರ್ ಇರುವುದು ಪವರ್ ಸ್ವಿಚ್ ದಾಟಿದ ಮೇಲೆ, ಪವರ್ ಬೋರ್ಡ್ ಮೇಲೆ. ಯಾರ ಮಾತು ಸರಿ?

ಉತ್ತರ: ನಮಸ್ಕಾರ. ಇಷ್ಟು ಅಂಕಿಅಂಶ ಕೊಟ್ಟು ಕೇಳಿದ್ದೀರಿ, ತುಂಬ ಒಳ್ಳೆಯದಾಯಿತು. ನೀವು ಕೇಳದ ಒಂದು ವಿಷಯ ಆ ಅಂಕಿಗಳಲ್ಲೇ ಇದೆ. ಮೊದಲು ಅದನ್ನು ಹೇಳಿಬಿಡುತ್ತೇನೆ. ನಿಮ್ಮ ಹೈಪಾಟ್ ಟೆಸ್ಟ್ ಎಂಟು ತಿಂಗಳಿಂದ ಮೆಷಿನ್ನಿನ ಒಳಗನ್ನು ಮುಟ್ಟಿಯೇ ಇಲ್ಲ ಅಂತ ನನಗೆ ಅನಿಸುತ್ತಿದೆ.

ಹೇಗೆ ಅಂತ ನೋಡೋಣ. ಹೈಪಾಟ್ ಮಾಡುವಾಗ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಸೇರಿಸಿ, ಅವಕ್ಕೂ ಅರ್ಥ್‌ಗೂ ಮಧ್ಯೆ 1500 ವೋಲ್ಟ್ ಎಸಿ ಕೊಡುತ್ತೀರಿ. ಆಗ ನಿಮ್ಮ ಎರಡೂ ವೈ ಕೆಪಾಸಿಟರ್ ಪಕ್ಕಪಕ್ಕ ಸೇರಿ 2 ನ್ಯಾನೊಫ್ಯಾರಡ್ ಆಗುತ್ತವೆ. 50 ಹರ್ಟ್ಸ್‌ನಲ್ಲಿ 1500 ವೋಲ್ಟಿಗೆ ಅವುಗಳ ಮೂಲಕ ಸುಮಾರು 0.94 ಮಿಲಿಆಂಪ್ ಹರಿಯಲೇಬೇಕು. ವೈರಿಂಗ್‌ನ ಪಾಲೂ ಸೇರಿದರೆ 1 ಮಿಲಿಆಂಪ್. ಇನ್ಸುಲೇಷನ್ ಎಷ್ಟೇ ಚೆನ್ನಾಗಿರಲಿ, ಕೆಪಾಸಿಟರ್ ಇದ್ದ ಮೇಲೆ ಇಷ್ಟು ಕರೆಂಟ್ ಬಂದೇ ಬರುತ್ತದೆ. ನಿಮಗೆ ಕಾಣುತ್ತಿರುವುದು 0.01. ಲೆಕ್ಕ ಹಾಕಿದರೆ ಅದು ಬರೀ 20 ಪಿಕೊಫ್ಯಾರಡ್‌ನಷ್ಟು. ಅಂದರೆ ಕಾರ್ಡ್ ಸಿಕ್ಕಿಸುವ ಸಾಕೆಟ್, ಅಲ್ಲಿಂದ ಸ್ವಿಚ್‌ವರೆಗಿನ ಎರಡು ಗೇಣು ವೈರ್, ಅಷ್ಟೇ. ಲೀಕೇಜ್ ಟೆಸ್ಟ್‌ನಲ್ಲಿ ಮಾತ್ರ 85 ಮೈಕ್ರೊಆಂಪ್ ಸರಿಯಾಗಿ ಬರುತ್ತಿದೆ, ಯಾಕೆಂದರೆ ಆಗ ಮೆಷಿನ್ ಆನ್ ಇರುತ್ತದೆ. ಒಂದು ಟೆಸ್ಟಿಗೆ ಕೆಪಾಸಿಟರ್ ಕಾಣುತ್ತಿದೆ, ಇನ್ನೊಂದಕ್ಕೆ ಕಾಣುತ್ತಿಲ್ಲ.

ಕಾರಣ ಬಹುಶಃ ತುಂಬ ಸರಳ. ಹೈಪಾಟ್ ಮಾಡುವಾಗ ಪವರ್ ಸ್ವಿಚ್ ಆಫ್ ಇದೆ. ಸ್ವಿಚ್ ಎರಡೂ ತಂತಿ ಕತ್ತರಿಸುತ್ತದೆ. 1500 ವೋಲ್ಟ್ ಸ್ವಿಚ್‌ವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಫಿಲ್ಟರ್, ಟ್ರಾನ್ಸ್‌ಫಾರ್ಮರ್, ಪವರ್ ಬೋರ್ಡ್ ಯಾವುದಕ್ಕೂ ಅದು ತಾಗಿಲ್ಲ. ಹಸಿರು ದೀಪ ಮಾತ್ರ ಹೊತ್ತಿಕೊಳ್ಳುತ್ತದೆ, ಟೆಸ್ಟರ್‌ಗೆ ಕರೆಂಟ್ ಮಿತಿ ದಾಟಿಲ್ಲ ಅನ್ನುವುದಷ್ಟೇ ಗೊತ್ತು. ಕಾರ್ಡನ್ನೇ ಸಿಕ್ಕಿಸದೆ ಬಟನ್ ಒತ್ತಿದರೂ ಅದು ಪಾಸ್ ಅನ್ನುತ್ತದೆ. ನಾಳೆ ಬೆಳಿಗ್ಗೆ ಹೋದ ತಕ್ಷಣ ಒಂದು ಪೀಸ್ ತೆಗೆದುಕೊಂಡು, ಸ್ವಿಚ್ ಆನ್ ಮಾಡಿ ಹೈಪಾಟ್ ಮಾಡಿ ನೋಡಿ. 1 ಮಿಲಿಆಂಪ್ ಹತ್ತಿರ ಬಂದರೆ ನನ್ನ ಊಹೆ ಸರಿ. ಆನ್ ಮಾಡಿದರೂ 0.01 ಬಂದರೆ ಟೆಸ್ಟ್ ಲೀಡ್ ಎಲ್ಲೋ ಕಡಿದಿದೆ, ಅಥವಾ ಒಳಗೆ ರಿಲೇ ಇದ್ದು ಕರೆಂಟ್ ಇಲ್ಲದಾಗ ಅದು ತೆರೆದೇ ಇರುತ್ತದೆ. ಆಗ ರಿಲೇ ದಾಟಿ ಟೆಸ್ಟ್ ಮಾಡುವ ದಾರಿ ಹುಡುಕಬೇಕು.

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಈ ತಪ್ಪನ್ನು ನಾನು ಒಂದಕ್ಕಿಂತ ಜಾಸ್ತಿ ಕಡೆ ನೋಡಿದ್ದೇನೆ, ದೊಡ್ಡ ಕಡೆಯೂ ನೋಡಿದ್ದೇನೆ. ಹೈಪಾಟ್ ಟೆಸ್ಟರ್‌ನಲ್ಲಿ ಮೇಲಿನ ಮಿತಿ ಎಲ್ಲರೂ ಹಾಕುತ್ತಾರೆ. ಕೆಳಗಿನ ಮಿತಿಯನ್ನು ಸೊನ್ನೆಗೆ ಬಿಟ್ಟುಬಿಡುತ್ತಾರೆ. ನೀವು ಕೆಳಗಿನದನ್ನು 0.7ಕ್ಕೆ, ಮೇಲಿನದನ್ನು 1.5ಕ್ಕೆ ಇಟ್ಟು ನೋಡಿ. ಇನ್ನು ಮುಂದೆ ಸ್ವಿಚ್ ಆಫ್ ಇದ್ದರೆ, ಲೀಡ್ ಕಡಿದಿದ್ದರೆ, ಫಿಲ್ಟರ್ ಬೆಸುಗೆ ಬಿಟ್ಟಿದ್ದರೆ ಕೆಂಪು ದೀಪ ಬರುತ್ತದೆ. ಈಗಾಗಲೇ ಹೊರಗೆ ಹೋಗಿರುವ ಮೆಷಿನ್‌ಗಳ ವಿಷಯ ನಿಮ್ಮ ಕ್ವಾಲಿಟಿಯವರ ಮುಂದೆ ಬರವಣಿಗೆಯಲ್ಲಿ ಇಡಿ. ಸರ್ವಿಸ್‌ಗೆ ಬಂದಾಗ ಟೆಸ್ಟ್ ಮಾಡುವುದೋ, ಕರೆಸಿ ಮಾಡುವುದೋ ಅನ್ನುವುದನ್ನು ರಿಸ್ಕ್ ಫೈಲ್ (ಮೆಷಿನ್ನಿನ ಅಪಾಯಗಳನ್ನು ಲೆಕ್ಕಹಾಕಿ ಬರೆದಿಟ್ಟ ಕಡತ) ನೋಡಿ ಅವರು ನಿರ್ಧರಿಸಬೇಕು. ಸುಮ್ನೆ ಸರಿಪಡಿಸಿ ಮುಂದೆ ಹೋಗಬೇಡಿ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಹತ್ತಕ್ಕೊಂದು ಸಾಕೇ? ಸಾಲದು. ಐಇಸಿ 60601-1ರಲ್ಲಿ, ನಮ್ಮ ದೇಶದ ಐಎಸ್ 13450 ಭಾಗ 1ರಲ್ಲೂ ಅಷ್ಟೇ, ಬರೆದಿರುವುದು ಟೈಪ್ ಟೆಸ್ಟ್. ಲ್ಯಾಬ್‌ನವರು ಒಂದು ಮಾದರಿ ಪೀಸ್ ತೆಗೆದುಕೊಂಡು 48 ಗಂಟೆ ತೇವದಲ್ಲಿಟ್ಟು, ರೋಗಿಯ ಕಡೆ 5000 ವೋಲ್ಟಿನ ಡಿಫಿಬ್ರಿಲೇಟರ್ ಹೊಡೆತ ಕೊಟ್ಟು, ತಂತಿಗಳ ನಡುವಿನ ಅಂತರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದು, ವಿನ್ಯಾಸ ಸರಿಯಿದೆ ಅಂತ ಹೇಳಿದ್ದಾರೆ. ಅದನ್ನೆಲ್ಲ ನೀವು ಲೈನಿನಲ್ಲಿ ಮತ್ತೆ ಮಾಡಬೇಕಿಲ್ಲ. ಆದರೆ ಈ ಪೀಸ್ ಆ ವಿನ್ಯಾಸದಂತೆಯೇ ಜೋಡಣೆ ಆಗಿದೆಯಾ ಅನ್ನುವ ಪ್ರಶ್ನೆಗೆ ಲ್ಯಾಬ್ ರಿಪೋರ್ಟ್‌ನಲ್ಲಿ ಉತ್ತರ ಇರಲು ಸಾಧ್ಯವಿಲ್ಲ. ಕವರ್ ಮುಚ್ಚುವಾಗ ಒಂದು ವೈರ್ ಅಂಚಿಗೆ ಸಿಕ್ಕಿಕೊಂಡಿರಬಹುದು. ಸ್ಟಾರ್ ವಾಷರ್ ಹಾಕಲು ಮರೆತಿರಬಹುದು. ಒಂದು ಸ್ಕ್ರೂ ಉದ್ದದ್ದು ಬಂದು ಬೋರ್ಡಿಗೆ ತಾಗುವಷ್ಟು ಹತ್ತಿರ ಹೋಗಿರಬಹುದು. ಇವೆಲ್ಲ ಕೈತಪ್ಪುಗಳು, ಒಂದೊಂದೇ ಪೀಸಿನಲ್ಲಿ ಬರುತ್ತವೆ. ಹತ್ತರಲ್ಲಿ ಒಂದನ್ನು ನೋಡಿದರೆ ಉಳಿದ ಒಂಬತ್ತರ ಸ್ಕ್ರೂ ಬಗ್ಗೆ ಏನು ಗೊತ್ತಾಗುತ್ತದೆ?

ಕಾನೂನಿನ ಕಡೆಯಿಂದಲೂ ಒಂದು ಮಾತು. 2017ರ ಮೆಡಿಕಲ್ ಡಿವೈಸಸ್ ರೂಲ್ಸ್‌ನ ಐದನೇ ಷೆಡ್ಯೂಲ್ ಪ್ರಕಾರ ನೀವು ಕ್ವಾಲಿಟಿ ವ್ಯವಸ್ಥೆ ನಡೆಸಬೇಕು. ಲೈನಿನಲ್ಲಿ ಏನು ಟೆಸ್ಟ್ ಮಾಡುತ್ತೀರಿ, ಯಾಕೆ ಅಷ್ಟೇ ಮಾಡುತ್ತೀರಿ ಅನ್ನುವುದಕ್ಕೆ ಐಎಸ್‌ಒ 14971 ರೀತಿಯ ರಿಸ್ಕ್ ಫೈಲ್‌ನಲ್ಲಿ ಆಧಾರ ಇರಬೇಕು. ಆಡಿಟ್‌ಗೆ ಬಂದವರು ಕೇಳುವುದು ಅದನ್ನೇ. "ಎಂಟು ತಿಂಗಳಿಂದ ಫೇಲ್ ಆಗಿಲ್ಲ" ಅನ್ನುವುದು ಆಧಾರ ಆಗಬೇಕಾದರೆ, ಫೇಲ್ ಆಗುವ ಪೀಸ್ ಬಂದಿದ್ದರೆ ಟೆಸ್ಟ್ ಅದನ್ನು ಹಿಡಿಯುತ್ತಿತ್ತು ಅಂತ ಮೊದಲು ತೋರಿಸಬೇಕು. ಹೈಪಾಟ್ ವಿಷಯದಲ್ಲಿ ಸದ್ಯಕ್ಕೆ ಅದನ್ನು ನೀವು ತೋರಿಸಲಾರಿರಿ.

ಮೂರು ಟೆಸ್ಟ್‌ಗಳ ಸರದಿ ಮುಖ್ಯ. ಮೊದಲು ಅರ್ಥ್, ಆಮೇಲೆ ಹೈಪಾಟ್, ಕೊನೆಗೆ ಲೀಕೇಜ್. ಅರ್ಥ್ ಸರಿ ಇಲ್ಲದ ಪೀಸಿಗೆ ಹೈಪಾಟ್ ಕೊಟ್ಟರೆ ಕೇಸ್ ಅರ್ಥ್‌ಗೆ ಸೇರದೆ ತೇಲಾಡುತ್ತಿರುತ್ತದೆ. ಟೆಸ್ಟ್ ಆದಂತೆಯೂ ಅಲ್ಲ, ಮುಟ್ಟಿದವರಿಗೆ ಅಪಾಯ ಬೇರೆ. ಲೀಕೇಜ್ ಕೊನೆಗೆ ಯಾಕೆಂದರೆ, ಹೈಪಾಟ್‌ನಿಂದಲೇ ಏನಾದರೂ ಹಾಳಾಗಿದ್ದರೆ ಅದು ಲೀಕೇಜ್‌ನಲ್ಲಿ ಕಾಣಬೇಕು.

ಅರ್ಥ್ ಟೆಸ್ಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಸುಲಭ ಅಂದುಕೊಳ್ಳುವ ಟೆಸ್ಟ್ ಇದು. ಕಾರ್ಡ್ ತೆಗೆದು, ಸಾಕೆಟ್‌ನ ಅರ್ಥ್ ಪಿನ್ನಿಂದ ಕೈಗೆ ಸಿಗುವ ಲೋಹದ ಭಾಗದವರೆಗೆ ಕನಿಷ್ಠ 25 ಆಂಪ್ ಹರಿಸಬೇಕು, 5ರಿಂದ 10 ಸೆಕೆಂಡ್. ಪ್ರತಿರೋಧ 0.1 ಓಮ್ ದಾಟಬಾರದು. ಕಾರ್ಡ್ ಮೆಷಿನ್ನಿಗೇ ಅಂಟಿಕೊಂಡಿರುವ ಮಾದರಿಯಾದರೆ ಪ್ಲಗ್‌ನಿಂದ ಅಳೆದು 0.2 ಓಮ್. 25 ಆಂಪಿಗೆ 0.1 ಓಮ್ ಅಂದರೆ ಬರೀ ಎರಡೂವರೆ ವೋಲ್ಟ್. ಇಷ್ಟು ಸಣ್ಣ ಅಳತೆಯಲ್ಲಿ ಟೆಸ್ಟ್ ಲೀಡ್‌ನ ಪ್ರತಿರೋಧವೇ ಎಲ್ಲ ಕೆಡಿಸಬಲ್ಲದು. ಅದಕ್ಕೇ ಕರೆಂಟ್ ಹರಿಸಲು ಎರಡು ತಂತಿ, ವೋಲ್ಟ್ ಅಳೆಯಲು ಬೇರೆ ಎರಡು ತಂತಿ, ಒಟ್ಟು ನಾಲ್ಕು ತಂತಿಯ ವಿಧಾನ ಬೇಕು. ಎರಡೂ ಜೋಡಿ ಅದೇ ಜಾಗದಲ್ಲಿ ಕಚ್ಚಿರಬೇಕು.

ಹಿಂದೆ ನಾನು ಕೆಲಸ ಮಾಡಿದ ಒಂದು ಕಾರ್ಖಾನೆಯಲ್ಲಿ ಏನಾಯಿತು ಅಂದರೆ, ಒಂದು ತಾಲೂಕು ಆಸ್ಪತ್ರೆಯಿಂದ ಮೆಷಿನ್ ವಾಪಸ್ ಬಂತು. ನರ್ಸ್ ಅಕ್ಕ ಕೇಸ್ ಮುಟ್ಟಿದಾಗ ಕೈ ಜುಮ್ ಅಂದಿತ್ತಂತೆ. ತಂದು ಟೆಸ್ಟ್ ಮಾಡಿದರೆ ಅರ್ಥ್ ಇಲ್ಲವೇ ಇಲ್ಲ. ಕವರ್ ಬಿಚ್ಚಿದೆವು. ಅರ್ಥ್ ತಂತಿ ಬಿಗಿಯುವ ಸ್ಟಡ್‌ನ ನಟ್ ಬೆರಳಲ್ಲೇ ತಿರುಗಿತು. ವಾಷರ್ ಕೆಳಗೆ ನೋಡಿದರೆ ಸುತ್ತಲೂ ಪೌಡರ್ ಕೋಟಿಂಗ್, ಅಂಚಿನಲ್ಲಿ ಉಗುರಿನ ಗೀರಿನಷ್ಟು ಜಾಗದಲ್ಲಿ ಮಾತ್ರ ತಗಡು ಹೊಳೆಯುತ್ತಿತ್ತು. ಸ್ಟಾರ್ ವಾಷರಿನ ಎರಡೇ ಎರಡು ಹಲ್ಲು ಲೋಹ ಕಚ್ಚಿದ್ದವು. ಬಣ್ಣ ಹೊಡೆಯುವವರು ಸ್ಟಡ್ ಸುತ್ತ ಬಣ್ಣ ಕೂರದಂತೆ ಹಾಕುವ ರಬ್ಬರ್ ಬಿರಡೆಯನ್ನು ಬದಲಿಸಿ, ಸ್ವಲ್ಪ ಚಿಕ್ಕದು ಹಾಕಿದ್ದರು. ಕಾರ್ಖಾನೆ ಬಿಡುವಾಗ ಆ ಎರಡು ಹಲ್ಲಿನ ಮೇಲೆ ಟೆಸ್ಟ್ ಪಾಸ್ ಆಗಿತ್ತು. ಬಣ್ಣದ ಮೇಲೆ ಬಿಗಿದ ನಟ್ ಲಾರಿಯಲ್ಲಿ ಅಲುಗಿ ಅಲುಗಿ ಸಡಿಲವಾಗಿತ್ತು.

ಆಮೇಲೆ ಹಳೆ ರೆಕಾರ್ಡ್ ತೆಗೆದೆವು. ಅದೃಷ್ಟಕ್ಕೆ ನಮ್ಮ ಟೆಸ್ಟರ್ ಪಾಸ್ ಅನ್ನುವುದರ ಜೊತೆಗೆ ಅಂಕಿಯನ್ನೂ ಉಳಿಸಿಕೊಂಡಿತ್ತು. ಮೊದಲೆಲ್ಲ 0.04 ಓಮ್ ಆಸುಪಾಸು ಇದ್ದದ್ದು, ಆ ಬಣ್ಣದ ಲಾಟ್ ಬಂದ ದಿನದಿಂದ 0.07, 0.08 ಆಗಿತ್ತು. ಎಲ್ಲವೂ 0.1ರ ಒಳಗೇ, ಎಲ್ಲವೂ ಹಸಿರು. ಅಂಕಿ ಕಣ್ಣೆದುರಿಗೇ ಇತ್ತು, ಯಾರೂ ಓದಿರಲಿಲ್ಲ. ನಾನೂ ಓದಿರಲಿಲ್ಲ. ಆ ಸ್ಟಡ್ಡನ್ನು ನಾನು ಇವತ್ತಿಗೂ ಮರೆತಿಲ್ಲ.

ಅದಕ್ಕೇ ನಿಮಗೆ ಹೇಳುವುದು, ಸ್ಟ್ಯಾಂಡರ್ಡ್‌ನ ಮಿತಿ ಒಂದು, ನಿಮ್ಮ ಮಿತಿ ಇನ್ನೊಂದು. ನಿಮ್ಮ ಒಳ್ಳೆಯ ಪೀಸ್‌ಗಳು ಎಷ್ಟು ತೋರಿಸುತ್ತವೆ ಅಂತ ಒಂದು ಐವತ್ತು ಪೀಸ್ ನೋಡಿ ತಿಳಿದುಕೊಳ್ಳಿ. ಆಮೇಲೆ ಅದರ ಸುತ್ತ ಮೇಲೆ ಕೆಳಗೆ ನಿಮ್ಮದೇ ಗಡಿ ಹಾಕಿಕೊಳ್ಳಿ. ಅರ್ಥ್ ಲೀಕೇಜ್‌ಗೆ ಸ್ಟ್ಯಾಂಡರ್ಡ್ ಸಾಮಾನ್ಯ ಸ್ಥಿತಿಯಲ್ಲಿ 5 ಮಿಲಿಆಂಪ್‌ವರೆಗೂ ಬಿಡುತ್ತದೆ. ನಿಮ್ಮದು 85 ಮೈಕ್ರೊಆಂಪ್. ಮಿತಿ 5 ಮಿಲಿಆಂಪ್ ಅಂತ ಟೆಸ್ಟರ್‌ಗೆ ಹಾಕಿದರೆ, ಲೀಕೇಜ್ ಐವತ್ತು ಪಟ್ಟು ಏರಿದರೂ ಅದು ಪಾಸ್ ಅನ್ನುತ್ತದೆ. ಬದಲಿಗೆ 70ರಿಂದ 110 ಅಂತ ಹಾಕಿ. ಮಾರ್ಕೆಟ್‌ನಲ್ಲಿ 1 ನ್ಯಾನೊಫ್ಯಾರಡ್ ಸಿಗದೆ ಪವರ್ ಬೋರ್ಡ್ ಕೊಡುವವರು ನಿಮಗೆ ಹೇಳದೆ 2.2 ಹಾಕಿದರೆ ರೀಡಿಂಗ್ 180ರ ಹತ್ತಿರ ಹೋಗುತ್ತದೆ, ಅವತ್ತೇ ಸಿಕ್ಕಿಬೀಳುತ್ತದೆ.

ಅರ್ಥ್ ಲೀಕೇಜ್‌ಗೆ 5 ಮಿಲಿಆಂಪ್ ಬಿಟ್ಟಿದ್ದಾರಲ್ಲ ಅಂತ ಧೈರ್ಯವಾಗಿಯೂ ಇರಬೇಡಿ. ಲೋಹದ ಕೇಸಿನ ಮೆಷಿನ್ನಿಗೆ ಅರ್ಥ್ ಕಡಿದರೆ, ಅಷ್ಟು ಹೊತ್ತು ಅರ್ಥ್ ತಂತಿಯಲ್ಲಿ ಹೋಗುತ್ತಿದ್ದ ಕರೆಂಟ್ ಪೂರ್ತಿ ಕೇಸ್ ಮುಟ್ಟಿದವರ ಮೈಯಲ್ಲಿ ಹೋಗುತ್ತದೆ. ಆ ಸ್ಪರ್ಶದ ಕರೆಂಟಿಗೆ ಮಿತಿ ಸಾಮಾನ್ಯ ಸ್ಥಿತಿಯಲ್ಲಿ 100, ಹೀಗೆ ಅರ್ಥ್ ಕಡಿದಾಗ 500 ಮೈಕ್ರೊಆಂಪ್. ನಮ್ಮ ವಾರ್ಡುಗಳಲ್ಲಿ ಅರ್ಥ್ ಇಲ್ಲದ ಎಕ್ಸ್‌ಟೆನ್ಷನ್ ಬಾಕ್ಸ್ ಎಷ್ಟಿರುತ್ತವೆ ಅಂತ ನಿಮಗೇ ಗೊತ್ತು. ಅರ್ಥ್ ಕಡಿದ ಸ್ಥಿತಿಯ ಟೆಸ್ಟನ್ನು ಪ್ರತಿ ಪೀಸಿಗೂ ಮಾಡಿ. ಫೇಸ್ ನ್ಯೂಟ್ರಲ್ ಅದಲು ಬದಲು ಮಾಡಿಯೂ ಅಳೆಯಿರಿ. ಗೋಡೆಯ ಸಾಕೆಟ್‌ನಲ್ಲಿ ಯಾವುದು ಯಾವ ಕಡೆ ಇದೆ ಅಂತ ನಿಮ್ಮ ಮೆಷಿನ್ನಿಗೆ ಗೊತ್ತಿರುವುದಿಲ್ಲ, ಅಲ್ವಾ? ಸಪ್ಲೈ ವೋಲ್ಟೇಜ್ ರೇಟಿಂಗ್‌ಗಿಂತ ಹತ್ತು ಪರ್ಸೆಂಟ್ ಜಾಸ್ತಿ ಇರಬೇಕು. 230ರ ಮೆಷಿನ್ನಿಗೆ 253 ವೋಲ್ಟ್. ಗೋಡೆಗೆ ಸಿಕ್ಕಿಸಿ ಅಳೆದರೆ ಆ ಹೊತ್ತಿಗೆ ಲೈನಿನಲ್ಲಿ ಎಷ್ಟಿದೆಯೋ ಅಷ್ಟರ ಮೇಲೆ ರೀಡಿಂಗ್ ಕುಣಿಯುತ್ತದೆ. ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ವೋಲ್ಟೇಜ್ ಏರಿಸಿ ಇಳಿಸಲು ಒಂದು ವೇರಿಯಾಕ್ ಇಟ್ಟುಕೊಳ್ಳಿ.

ಇನ್ನು ರೋಗಿಯ ಕಡೆ. ಇಲ್ಲಿ ಅಂಕಿಗಳು ಇನ್ನೂ ಚಿಕ್ಕವು. ಸಿಎಫ್ ಅಂದರೆ ಹೃದಯಕ್ಕೇ ನೇರವಾಗಿ ತಾಗಬಹುದಾದ ದರ್ಜೆ. ಆರೋಗ್ಯವಂತನ ಒಣ ಚರ್ಮಕ್ಕೆ ಸುಮಾರು ಅರ್ಧ ಮಿಲಿಆಂಪ್ ಬಂದರಷ್ಟೇ ಕರೆಂಟ್ ಇದೆ ಅಂತ ಗೊತ್ತಾಗುವುದು. ಹೃದಯದ ಒಳಗೆ ಕ್ಯಾತಿಟರ್ ಇರುವ ರೋಗಿಯಲ್ಲಿ ಚರ್ಮದ ಕಾವಲು ಇರುವುದಿಲ್ಲ. ಅಲ್ಲಿ ಹತ್ತಾರು ಮೈಕ್ರೊಆಂಪ್ ಕೂಡ ಹೃದಯದ ಬಡಿತ ಕೆಡಿಸಬಲ್ಲದು, ಮುಟ್ಟುತ್ತಿರುವ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಸಿಎಫ್‌ಗೆ ಸಾಮಾನ್ಯ ಸ್ಥಿತಿಯಲ್ಲಿ 10, ಒಂದು ದೋಷ ಇದ್ದಾಗ 50 ಮೈಕ್ರೊಆಂಪ್ ಅನ್ನುವ ಮಿತಿ. 1971ರಲ್ಲಿ ಅಮೆರಿಕದ ರಾಲ್ಫ್ ನೇಡರ್, ಆಸ್ಪತ್ರೆಗಳಲ್ಲಿ ವರ್ಷಕ್ಕೆ 1200 ಜನ ಹೀಗೆ ಶಾಕ್‌ನಿಂದ ಸಾಯುತ್ತಾರೆ ಅಂತ ಬರೆದು ದೊಡ್ಡ ಗದ್ದಲ ಎದ್ದಿತ್ತು. ಆ ಸಂಖ್ಯೆಗೆ ಗಟ್ಟಿ ಆಧಾರ ಕೊನೆಗೂ ಸಿಗಲಿಲ್ಲ. ಆದರೆ ಆಸ್ಪತ್ರೆಗಳಲ್ಲಿ ಲೀಕೇಜ್ ಅಳೆಯುವ ಅಭ್ಯಾಸ ಬೇರೂರಿದ್ದಕ್ಕೆ ಆ ಗದ್ದಲವೂ ಒಂದು ಕಾರಣ.

ನಿಮ್ಮ ಲೈನಿನಲ್ಲಿ ರೋಗಿಗೆ ಹೋಗುವ ಹತ್ತೂ ಲೀಡ್ ತಂತಿಗಳನ್ನು (12 ಲೀಡಿನ ಇಸಿಜಿಗೂ ತಂತಿ ಹತ್ತೇ) ಒಂದು ತಾಮ್ರದ ಪಟ್ಟಿಗೆ ಸೇರಿಸಿ ರೋಗಿಯ ಲೀಕೇಜ್ ಅಳೆಯಿರಿ. ಇನ್ನೊಂದನ್ನು ಖಂಡಿತ ಬಿಡಬೇಡಿ: ಲೀಡ್‌ಗಳ ಕಡೆಯಿಂದಲೇ ಮೇನ್ಸ್ ವೋಲ್ಟೇಜ್ ಕೊಟ್ಟು ನೋಡುವ ಟೆಸ್ಟ್. ರೋಗಿಗೆ ಬೇರೆ ಯಾವುದೋ ಕೆಟ್ಟ ಮೆಷಿನ್ನಿಂದ 230 ವೋಲ್ಟ್ ತಾಗಿತು ಅಂದುಕೊಳ್ಳಿ. ಆಗ ನಿಮ್ಮ ಮೆಷಿನ್ ಆ ಕರೆಂಟಿಗೆ ಅರ್ಥ್‌ಗೆ ಹೋಗುವ ದಾರಿ ಆಗಬಾರದು. ಸಿಎಫ್‌ಗೆ ಮಿತಿ 50 ಮೈಕ್ರೊಆಂಪ್. 253 ವೋಲ್ಟಿಗೆ ಲೆಕ್ಕ ಹಾಕಿದರೆ, ರೋಗಿಯ ಕಡೆಯಿಂದ ಅರ್ಥ್‌ಗೆ ಒಟ್ಟು 630 ಪಿಕೊಫ್ಯಾರಡ್‌ಗಿಂತ ಜಾಸ್ತಿ ಇರುವ ಹಾಗಿಲ್ಲ. ಇದು ಎಷ್ಟು ಕಡಿಮೆ ಅಂತ ಗೊತ್ತಾಗಬೇಕಾದರೆ ಒಂದು ಪ್ರಯೋಗ ಮಾಡಿ. ಇಸಿಜಿ ಕೇಬಲ್ಲನ್ನು ಗಾಳಿಯಲ್ಲಿ ನೇತುಹಾಕಿ ಅಳೆಯಿರಿ. ಆಮೇಲೆ ಅದನ್ನೇ ಸುತ್ತಿ ಸ್ಟೀಲ್ ಟೇಬಲ್ ಮೇಲಿಟ್ಟು ಅಳೆಯಿರಿ. ಎರಡನೇ ಅಂಕಿ ಎದ್ದು ಕಾಣುವಷ್ಟು ಜಾಸ್ತಿ ಬರುತ್ತದೆ. ಮೆಷಿನ್ ಅದೇ, ಕೇಬಲ್ ಅದೇ, ಟೇಬಲ್ ಮಾತ್ರ ಲೆಕ್ಕಕ್ಕೆ ಸೇರಿಕೊಂಡಿತು. ಬೆಳಿಗ್ಗೆ ಪಾಳಿಯವರು ಒಂದು ರೀತಿ, ಮಧ್ಯಾಹ್ನದವರು ಇನ್ನೊಂದು ರೀತಿ ಇಟ್ಟರೆ ನಿಮ್ಮ ರೆಕಾರ್ಡ್‌ಗೆ ಅರ್ಥವೇ ಇರುವುದಿಲ್ಲ. ಟೇಬಲ್‌ಗೆ ದಪ್ಪ ಪ್ಲಾಸ್ಟಿಕ್ ಅಥವಾ ಮರದ ಹಲಗೆ ಹಾಕಿ, ಕೇಬಲ್ ಇಡಲು ಒಂದು ಗೊತ್ತಾದ ಜಾಗ ಮಾಡಿ.

ಹೈಪಾಟ್‌ನಿಂದ ಇನ್ಸುಲೇಷನ್ ಹಾಳಾಗುತ್ತದೆ ಅನ್ನುವ ಮಾತಿಗೆ ಬರುತ್ತೇನೆ. ಅದರಲ್ಲಿ ಅರ್ಧ ನಿಜ ಇದೆ. ಇನ್ಸುಲೇಷನ್‌ನ ಒಳಗೆ ಕಣ್ಣಿಗೆ ಕಾಣದ ಗಾಳಿಗುಳ್ಳೆ ಇದ್ದರೆ, ಜಾಸ್ತಿ ವೋಲ್ಟೇಜ್‌ಗೆ ಅದರಲ್ಲಿ ಸಣ್ಣ ಕಿಡಿ ಹಾರಿ ಪ್ರತಿ ಸಲವೂ ಸ್ವಲ್ಪ ತಿನ್ನುತ್ತದೆ. ಹಾಗಂತ ಒಂದು ಪೀಸಿಗೆ ಜೀವಮಾನದಲ್ಲಿ ಒಂದು ಸಲ ಪೂರ್ತಿ ವೋಲ್ಟೇಜ್ ಕೊಟ್ಟರೆ ಒಳ್ಳೆಯ ಇನ್ಸುಲೇಷನ್‌ಗೆ ಏನೂ ಆಗುವುದಿಲ್ಲ. ತೊಂದರೆ ಬರುವುದು ಅದೇ ಪೀಸಿಗೆ ಮತ್ತೆ ಮತ್ತೆ ಮಾಡಿದಾಗ. ರೀವರ್ಕ್‌ಗೆ ಹೋಗಿ ಬಂದ ಪೀಸಿಗೆ ಎಂಬತ್ತು ಪರ್ಸೆಂಟ್, ಅಂದರೆ 1200 ವೋಲ್ಟ್ ಕೊಡುವ ರೂಢಿ ಇದೆ. ನಾನೂ ಅದನ್ನೇ ಮಾಡುತ್ತೇನೆ. ಎಷ್ಟು ಸಲ ಮಾಡಿದಿರಿ ಅಂತ ಸೀರಿಯಲ್ ನಂಬರ್ ಎದುರು ಬರೆದಿಡಿ. ಸಮಯದ ಬಗ್ಗೆಯೂ ಹೇಳಿಬಿಡುತ್ತೇನೆ. ಟೈಪ್ ಟೆಸ್ಟ್‌ನಲ್ಲಿ ಅರ್ಧ ವೋಲ್ಟೇಜ್‌ಗಿಂತ ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ 1 ನಿಮಿಷ ಹಿಡಿಯಬೇಕು. ಲೈನಿನಲ್ಲಿ ಇಪ್ಪತ್ತು ಪರ್ಸೆಂಟ್ ಜಾಸ್ತಿ ವೋಲ್ಟೇಜ್‌ಗೆ 1 ಸೆಕೆಂಡ್ ಮಾಡುವುದು ತುಂಬ ಕಡೆ ಒಪ್ಪಿಕೊಂಡಿರುವ ಪದ್ಧತಿ. ಅದಕ್ಕೆ ಬದಲಾಯಿಸಿದರೆ ಮೇಲೆ ಹೇಳಿದ ಗಡಿಯನ್ನೂ ಅದೇ ಲೆಕ್ಕದಲ್ಲಿ ಏರಿಸಿ, 1800 ವೋಲ್ಟಿಗೆ ಕರೆಂಟ್ 1.2 ಮಿಲಿಆಂಪ್ ಆಗುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಸ್ಟ್ಯಾಂಡರ್ಡ್‌ನಲ್ಲಿ ಮೇನ್ಸ್‌ನಿಂದ ರೋಗಿಯವರೆಗೆ ಎರಡು ಪದರದ ರಕ್ಷಣೆಗೆ 4000 ವೋಲ್ಟ್ ಅಂತ ಇದೆ. ಅದನ್ನು ಓದಿ ಯಾರಾದರೂ ಜೋಡಿಸಿದ ಮೆಷಿನ್ನಿಗೆ 4000 ವೋಲ್ಟ್ ಕೊಡೋಣ ಅಂದರೆ ಒಪ್ಪಬೇಡಿ. ಮೇನ್ಸ್‌ಗೂ ಅರ್ಥ್‌ಗೂ ಮಧ್ಯೆ ಇರುವುದು 1500ರ ಒಂದೇ ಪದರ. ಪೂರ್ತಿ ಮೆಷಿನ್ನಿನಲ್ಲಿ ಆ 4000 ಯಾವ ಪದರದ ಮೇಲೆ ಎಷ್ಟು ಹಂಚಿಹೋಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ, ಒಳ್ಳೆಯ ಪೀಸನ್ನೇ ಸುಟ್ಟುಹಾಕಬಹುದು. ಆ ಟೆಸ್ಟ್ ಪವರ್ ಸಪ್ಲೈ ಮಾಡುವವರ ಕಡೆ, ಬಿಡಿ ಭಾಗದ ಮೇಲೆ ಆಗಬೇಕು. ಅವರಿಂದ ಪ್ರತಿ ಲಾಟಿಗೂ ರಿಪೋರ್ಟ್ ತರಿಸಿಕೊಳ್ಳಿ. ನಿಮ್ಮ ಲೈನಿನಲ್ಲಿ ಮೇನ್ಸ್‌ನಿಂದ ಅರ್ಥ್‌ಗೆ 1500, ರೋಗಿಯ ಲೀಡ್‌ಗಳಿಂದ ಅರ್ಥ್‌ಗೆ 1500, ಇಷ್ಟು ಸಾಕು.

ಟೆಸ್ಟ್ ಮಾಡುವವರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೈಪಾಟ್ ಮುಂದೆ ಕೂರುವವರು ಹೆಚ್ಚಾಗಿ ಐಟಿಐ, ಡಿಪ್ಲೊಮಾ ಮುಗಿಸಿ ಬಂದ ಹುಡುಗ ಹುಡುಗಿಯರು. ಎರಡೂ ಕೈಯಿಂದ ಒತ್ತಿದರೆ ಮಾತ್ರ ಶುರುವಾಗುವ ಬಟನ್ ಹಾಕಿಸಿ, ಆಗ ಒಂದು ಕೈ ಮೆಷಿನ್ ಮೇಲೆ ಇರಲು ಸಾಧ್ಯವಾಗುವುದಿಲ್ಲ. ಮೆಷಿನ್ ಮೇಲೆ ಪಾರದರ್ಶಕ ಮುಚ್ಚಳ, ಅದು ತೆರೆದರೆ ವೋಲ್ಟೇಜ್ ನಿಲ್ಲಬೇಕು. ಕಾಲ ಕೆಳಗೆ ರಬ್ಬರ್ ಮ್ಯಾಟ್, ಮೇಲೆ ಕೆಂಪು ದೀಪ. ಡಿಸಿ ಹೈಪಾಟ್ ಮಾಡುವುದಾದರೆ, 1500ರ ಬದಲು 2121 ವೋಲ್ಟ್ ಕೊಡಬೇಕು, ಮುಗಿದ ಮೇಲೆ ಕೆಪಾಸಿಟರ್‌ನಲ್ಲಿ ಉಳಿದ ಚಾರ್ಜ್ ಇಳಿಯುವವರೆಗೆ ಮುಟ್ಟಬಾರದು. ದಯವಿಟ್ಟು ಇದರಲ್ಲಿ ಕಾಸು ಉಳಿಸಬೇಡಿ.

ಆ ಮಕ್ಕಳ ಕೈಗೆ ಇನ್ನೊಂದು ಸಾಮಾನು ಕೊಡಬೇಕು. ಕೆಟ್ಟ ಪೀಸಿನಂತೆ ನಟಿಸುವ ಒಂದು ಪೆಟ್ಟಿಗೆ. ನೀವೇ ಮಾಡಿಕೊಳ್ಳಬಹುದು. ಅರ್ಥ್ ದಾರಿಯಲ್ಲಿ 0.12 ಓಮ್‌ನ ದಪ್ಪ ರೆಸಿಸ್ಟರ್, 25 ಆಂಪ್ ತಡೆಯುವಂಥದ್ದು. ಫೇಸ್‌ನಿಂದ ಅರ್ಥ್ ಮಾಡದ ಒಂದು ಲೋಹದ ತಟ್ಟೆಗೆ 2.2 ಮೆಗಾಓಮ್, 230 ವೋಲ್ಟಿಗೆ ಅದು ಸುಮಾರು 105 ಮೈಕ್ರೊಆಂಪ್ ಕೊಡುತ್ತದೆ, ಸ್ಪರ್ಶದ ಕರೆಂಟ್‌ನ 100ರ ಮಿತಿಯನ್ನು ಸ್ವಲ್ಪವೇ ದಾಟುತ್ತದೆ. ಹೈಪಾಟ್‌ಗೆ ಎರಡು ಸ್ಥಾನ: ಒಂದರಲ್ಲಿ ಕರೆಂಟ್ ಜಾಸ್ತಿ ಹೋಗುವ ಹೈ ವೋಲ್ಟೇಜ್ ರೆಸಿಸ್ಟರ್, ಇನ್ನೊಂದರಲ್ಲಿ ಏನೂ ಜೋಡಿಸದ ಖಾಲಿ ತಂತಿ. ದಿನಾ ಬೆಳಿಗ್ಗೆ ಮೊದಲ ಪೀಸಿಗೆ ಮುಂಚೆ ಈ ಪೆಟ್ಟಿಗೆ ಸಿಕ್ಕಿಸಿ ನಾಲ್ಕು ಸಲವೂ ಕೆಂಪು ದೀಪ ಬರಬೇಕು. ಬಾರದಿದ್ದರೆ ಲೈನ್ ಶುರು ಮಾಡಬಾರದು, ಮತ್ತು ನಿನ್ನೆ ಮಾಡಿದ ಪೀಸ್‌ಗಳನ್ನು ಹಿಡಿದಿಡಬೇಕು. ವರ್ಷಕ್ಕೊಮ್ಮೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್‌ನಲ್ಲಿ ಕ್ಯಾಲಿಬ್ರೇಷನ್ ಮಾಡಿಸುವುದು ಬೇಕೇ ಬೇಕು. ಆದರೆ ಟೆಸ್ಟ್ ಲೀಡ್ ಎರಡನೇ ತಿಂಗಳಲ್ಲೇ ಕಡಿದರೆ ಅದು ಮುಂದಿನ ಕ್ಯಾಲಿಬ್ರೇಷನ್‌ವರೆಗೆ ಗೊತ್ತಾಗುವುದಿಲ್ಲ. ಪೆಟ್ಟಿಗೆ ಇದ್ದರೆ ಮರುದಿನ ಬೆಳಿಗ್ಗೆಯೇ ಗೊತ್ತಾಗುತ್ತದೆ. ನಿಮ್ಮಲ್ಲಿ ಈ ಪೆಟ್ಟಿಗೆಯ ಖಾಲಿ ತಂತಿಯ ಸ್ಥಾನವೊಂದಿದ್ದಿದ್ದರೆ, ಕೆಳಗಿನ ಮಿತಿ ಸೊನ್ನೆ ಇರುವುದು ಮೊದಲ ದಿನವೇ ಸಿಗುತ್ತಿತ್ತು.

ಕೊನೆಗೆ, ವಾಪಸ್ ಬಂದ ಎರಡು ಮೆಷಿನ್. ನಿಮ್ಮ 85 ಸರಿ, ಅವರ 155 ಕೂಡ ಸರಿ. ಆಸ್ಪತ್ರೆಗಳಲ್ಲಿ ಬಳಸುವುದು ಬೇರೆ ಸ್ಟ್ಯಾಂಡರ್ಡ್, ಐಇಸಿ 62353. ಬಳಕೆಯಲ್ಲಿರುವ, ರಿಪೇರಿಯಾದ ಮೆಷಿನ್‌ಗಳಿಗೆ ಅಂತಲೇ ಬರೆದದ್ದು. ಅದರಲ್ಲಿ ಲೀಕೇಜ್ ಅಳೆಯಲು ಮೂರು ವಿಧಾನ ಇವೆ. ಅವರು ಬಳಸಿದ್ದು ಬಹುಶಃ ಪರ್ಯಾಯ ವಿಧಾನ. ಅದರಲ್ಲಿ ಮೆಷಿನ್ ಓಡಿಸುವುದಿಲ್ಲ. ಹೈಪಾಟ್‌ನಂತೆಯೇ ಫೇಸ್ ನ್ಯೂಟ್ರಲ್ ಎರಡನ್ನೂ ಸೇರಿಸಿ ಒಟ್ಟಿಗೆ ಮೇನ್ಸ್ ವೋಲ್ಟೇಜ್ ಕೊಡುತ್ತಾರೆ. ನೀವು ಮೆಷಿನ್ ಓಡಿಸಿ ಅಳೆಯುವಾಗ ನ್ಯೂಟ್ರಲ್ ಹೆಚ್ಚುಕಡಿಮೆ ಅರ್ಥ್ ಮಟ್ಟದಲ್ಲೇ ಇರುತ್ತದೆ, ಆದ್ದರಿಂದ ಫೇಸ್ ಕಡೆಯ ಒಂದು ಕೆಪಾಸಿಟರ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅವರಿಗೆ ಎರಡೂ ಬರುತ್ತವೆ. 253 ವೋಲ್ಟಿಗೆ ಒಂದು ಕೆಪಾಸಿಟರ್ ಅಂದರೆ 80 ಮೈಕ್ರೊಆಂಪ್, 230ಕ್ಕೆ ಎರಡು ಅಂದರೆ 145. ಎರಡಕ್ಕೂ ವೈರಿಂಗ್‌ನ ಪಾಲು ಸೇರಿಸಿದರೆ 85 ಮತ್ತು 155. ಲೆಕ್ಕ ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಅವರು ತಪ್ಪಿದ್ದು ಮಿತಿಯಲ್ಲಿ. ಬಹುಶಃ 60601ರ ಸ್ಪರ್ಶದ ಕರೆಂಟ್‌ನ 100ಕ್ಕೆ ಹೋಲಿಸಿದ್ದಾರೆ. ಪರ್ಯಾಯ ವಿಧಾನದಲ್ಲಿ ನಿಮ್ಮ ಹಾಗೆ ಅರ್ಥ್ ಇರುವ ಮೆಷಿನ್ನಿಗೆ ಮಿತಿ 1000 ಮೈಕ್ರೊಆಂಪ್, ಮೆಷಿನ್ ಓಡಿಸಿ ಅಳೆಯುವ ನೇರ ವಿಧಾನದಲ್ಲಿ 500. ಅರ್ಥ್ ಟೆಸ್ಟ್‌ನಲ್ಲೂ ಹೀಗೇ ವ್ಯತ್ಯಾಸ ಇರುತ್ತದೆ. ಅವರು 200 ಮಿಲಿಆಂಪ್‌ನಲ್ಲೇ ಅಳೆಯಬಹುದು, ಕಾರ್ಡ್ ಸೇರಿ 0.3 ಓಮ್‌ವರೆಗೆ ಒಪ್ಪಬಹುದು. ಮುಂದೆ ಆ ಅಂಕಿಯ ಬಗ್ಗೆ ಫೋನ್ ಬಂದರೆ ಗಾಬರಿಯಾಗಬೇಡಿ.

ಆ ಆಸ್ಪತ್ರೆಯ ಬಯೊಮೆಡಿಕಲ್ ಎಂಜಿನಿಯರ್‌ಗೆ ನೀವೇ ಫೋನ್ ಮಾಡಿ. ಯಾವ ಮೀಟರ್, ಯಾವ ವಿಧಾನ ಅಂತ ವಿನಯದಿಂದ ಕೇಳಿ. ವಾಪಸ್ ಬಂದ ಎರಡು ಮೆಷಿನ್ನಿಗೂ ಅದೇ ವಿಧಾನದಲ್ಲಿ ನಿಮ್ಮಲ್ಲೂ ಅಳೆದು, ಎರಡೂ ಅಂಕಿ ಒಂದೇ ಹಾಳೆಯಲ್ಲಿ ಬರೆದು ಕಳಿಸಿ. ಇನ್ನು ಮುಂದೆ ಪ್ರತಿ ಮೆಷಿನ್ನಿನ ಟೆಸ್ಟ್ ರಿಪೋರ್ಟ್‌ನಲ್ಲೂ 62353ರ ಪರ್ಯಾಯ ವಿಧಾನದ ಒಂದು ಅಂಕಿ ಇರಲಿ. ಆಸ್ಪತ್ರೆಯವರಿಗೆ ವರ್ಷ ವರ್ಷ ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಮತ್ತೆ, ಆ ಎರಡು ಮೆಷಿನ್ ವಾಪಸ್ ಕಳಿಸುವ ಮುಂಚೆ, ಸ್ವಿಚ್ ಆನ್ ಮಾಡಿ ಹೈಪಾಟ್ ಮಾಡಿ.